ಹೆರಿಂಗ್ ಮುಟ್ಟದ ಮೀನು

ರೌಹಾಲಾ ದ್ವೀಪ
ಜೂನ್ ೯, ೧೯೯೮

ಸೈಮಿ,

ಬಾರದ ಪತ್ರಕ್ಕೆ ಉತ್ತರ ಬರೆಯುವ ಮುದುಕಿ ಈ ದ್ವೀಪದಲ್ಲಿ ನಾನೊಬ್ಬಳೇ ಇರಬೇಕು. ನೀನು ಸುಖವಾಗಿದ್ದೀಯ ಎಂದುಕೊಂಡಿದ್ದೇನೆ, ಸುಖವಾಗಿರುವವರು ಬರೆಯುವುದಿಲ್ಲ. ನಾಲ್ಕನೇ ಕ್ಲಾಸು ಮುಗಿಸಿ ಡಬ್ಬಿಗೆ ಮೀನು ತುಂಬುವ ಕಾರ್ಖಾನೆಗೆ ಕೊಯ್ಯುವ ಕೆಲಸಕ್ಕೆ ಹೋದವಳು ನಾನು. ಅಕ್ಷರ ಅಡ್ಡಾದಿಡ್ಡಿ ಇದ್ದರೆ ಅಲ್ಲಿಯ ಗೆಳೆಯರಿಗೆ ತೋರಿಸಿ ನಗಬೇಡ, ಒಬ್ಬಳೇ ನಗು.

ದೋಣಿಗಳ ರೇಡಿಯೋದಲ್ಲಿ ನಿನ್ನನ್ನು ಕರೆದು ಮಾತಾಡಬಹುದಿತ್ತು. ಆದರೆ ನಮ್ಮ ರೇಡಿಯೋ ಗೊತ್ತಲ್ಲ, ಒಬ್ಬರು ಕೆಮ್ಮಿದರೆ ಊರಿನ ಎಲ್ಲ ಅಡುಗೆಮನೆಗಳಲ್ಲೂ ಕಷಾಯಕ್ಕೆ ನೀರಿಡುತ್ತಾರೆ.

ನಿನ್ನ ಅಜ್ಜ ಹಾಗೆಯೇ ಇದ್ದಾನೆ. ನೀನು ದೋಣಿ ಬಿಟ್ಟು, ಕಡಲಲ್ಲಿ ಬಲೆ ಕಟ್ಟಿ ಮೀನು ಸಾಕುವ ಆ ಮೀನುಕೊಟ್ಟಿಗೆಯ ಕೆಲಸಕ್ಕೆ ಸೇರಿದ ದಿನದಿಂದ ನಿನ್ನ ಹೆಸರು ಬಾಯಿಗೆ ತಂದಿಲ್ಲ. ಆದರೆ ಮುದುಕ ತಾನು ತೋಡಿದ ಗುಂಡಿಯಲ್ಲಿ ತಾನೇ ಬಿದ್ದಿದ್ದಾನೆ. ನೀನು ಹುಟ್ಟಿದ ವರ್ಷ ದೋಣಿಗೂ 'ಸೈಮಿ' ಎಂದೇ ಹೆಸರಿಟ್ಟವನು ಅವನೇ. ನೀರಿಗಿಳಿದ ದೋಣಿಯ ಹೆಸರು ಬದಲಿಸಿದವನನ್ನು ಕಡಲು ವಾಪಸ್ ಕಳಿಸುವುದಿಲ್ಲ ಎಂದು ನಂಬಿದವನೂ ಅವನೇ. ರೇಡಿಯೋದಲ್ಲಿ ಮಾತಾಡಬೇಕಾದರೆ ಮೊದಲು ದೋಣಿಯ ಹೆಸರು ಹೇಳಬೇಕಲ್ಲ. ಅದಕ್ಕೆ ರೇಡಿಯೋವನ್ನೇ ಬಿಟ್ಟಿದ್ದಾನೆ. ಪಕ್ಕದ ಮನೆಯ ಎಸ್ಕೊ ದೋಣಿಕಟ್ಟೆಯ ಮೇಲೆ ಅವನನ್ನು ಹಿಡಿದು ಕೇಳಿದ.

"ಏನಯ್ಯಾ ತೌನೋ, ನಿನ್ ರೇಡಿಯೋ ಕೆಟ್ಟೋಯ್ತಾ?"

"ಹೂಂ."

"ರಿಪೇರಿ ಮಾಡಿಸ್ಬಾರ್ದಾ?"

"ಆಗಲ್ಲ. ಒಳಗಿಂದ್ಲೇ ಕೆಟ್ಟಿದೆ."

ಎಸ್ಕೊಗೆ ಅರ್ಥವಾಯಿತು. ಅವನು ಹೆಡ್ಡನಲ್ಲ, ಹೆಡ್ಡನ ಮುಖ ಇದೆ ಅಷ್ಟೆ.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಒಂದು ಇನ್ನೊಂದಕ್ಕಿಂತ ಉದ್ದ. ನಿನ್ನ ಕಾಲೂ ಹಾಗೇ ಇದ್ದರೆ ಒಳ್ಳೆಯದು.

ಅಜ್ಜಿ
ಲೆಂಪಿ


ಕೊಟ್ಟಿಗೆಯ ತೇಲುಮನೆ
ಜುಲೈ ೨

ಪ್ರೀತಿಯ ಅಜ್ಜಿ,

ಕಾಲುಚೀಲ ಸಿಕ್ಕಿತು. ಉದ್ದದ್ದನ್ನು ಮಡಿಚಿ ಹಾಕಿಕೊಂಡಿದ್ದೇನೆ. ಇಲ್ಲಿ ಊಟಕ್ಕೆ ಕೊರತೆ ಇಲ್ಲ, ಮಾತಿಗೆ ಇದೆ. ಬೆಳಿಗ್ಗೆ ಬಲೆಗಳ ಸುತ್ತ ನಡೆಯುವುದು, ಮೇವು ಹಾಕುವುದು, ಸತ್ತ ಮೀನು ತೆಗೆಯುವುದು. ಕಳೆದ ವಾರದಿಂದ ಹೊಲಿಗೆ ಕೆಲಸವೂ ಸೇರಿದೆ. ಬಲೆಯ ಸೂಜಿ ಹಿಡಿದು ಬೆರಳೆಲ್ಲ ತೂತಾಗಿದೆ. ಗಂಟು ಹಾಕುವಾಗ ಅಜ್ಜನ ಕೈ ನೆನಪಾಗುತ್ತದೆ.

ಅಜ್ಜಿ, ನಿನ್ನನ್ನು ಒಂದು ಮಾತು ಕೇಳಬೇಕು. ಹುಟ್ಟಿದಾಗಿನಿಂದ ತಿನ್ನಲು ಒಂದು ಹೆರಿಂಗ್ ಮರಿಯನ್ನೂ ನೋಡದ ಸಾಲ್ಮನ್ ಮೀನು ಇದ್ದರೆ, ಅದನ್ನು ಹಿಡಿಯಲು ಗಾಳಕ್ಕೆ ಏನು ಎರೆ ಕಟ್ಟಬೇಕು? ಯಾವ ನೂಲು, ಎಷ್ಟು ಸೀಸ, ತಗಡು ಬೇಕೋ ಬೇಡವೋ? ಸುಮ್ಮನೆ ಕೇಳುತ್ತಿದ್ದೇನೆ.

ಅಜ್ಜ ಈ ಶರತ್ಕಾಲದಲ್ಲೂ ಆಲ್ಡರ್ ತೊರೆಗೆ, ಮೊಟ್ಟೆಯಿಡಲು ಬರುವ ಕೋಹೋ ಸಾಲ್ಮನ್ ಎಣಿಸಲು ಹೋಗುತ್ತಾನಾ? ಈ ಸಲ ಬೇಗ ಹೋಗುವುದು ಒಳ್ಳೆಯದು. ಮಳೆ ಬೀಳುವ ಮುಂಚೆ, ತೊರೆಯ ಬಾಯಿಯಲ್ಲಿ.

ಓದಿದ ಮೇಲೆ ಇದನ್ನು ಒಲೆಗೆ ಹಾಕು.

ನಿನ್ನ
ಸೈಮಿ


ರೌಹಾಲಾ
ಜುಲೈ ೧೫

ಸೈಮಿ,

ಒಲೆಗೆ ಹಾಕಿದೆ. ನೀನು ಸುಮ್ಮನೆ ಕೇಳುವವಳಲ್ಲ. ಮೂರು ವರ್ಷದ ಮಗುವಾಗಿದ್ದಾಗ ಬಿಸ್ಕತ್ತಿನ ಗಾಜಿನ ಜಾಡಿ ಒಡೆದು ಬಂದು, "ಅಜ್ಜಿ, ಗಾಜು ನೀರಲ್ಲಿ ಕರಗುತ್ತಾ?" ಎಂದು ಕೇಳಿದವಳು ನೀನು. ನಿಮ್ಮ ಬಲೆ ಹರಿದಿದೆ. ಮೀನು ಆಚೆ ಹೋಗಿದೆ. ಬಾಯಿ ಮುಚ್ಚಿಕೊಂಡು ಹೊಲಿಯಿರಿ ಎಂದು ನಿಮಗೆ ಹೇಳಿದ್ದಾರೆ. ಆ ಮೀನುಗಳು ಮಳೆ ಬಿದ್ದಾಗ ನಮ್ಮ ಕೋಹೋ ಜೊತೆ ತೊರೆ ಹತ್ತಿದರೆ ಕೋಹೋದ ಮೊಟ್ಟೆ ಮರಿಗಳ ಗತಿ ಏನಾಗುತ್ತದೆಂದು ನಿನಗೆ ಹೆದರಿಕೆ. ಇದರಲ್ಲಿ ತಪ್ಪಿದ್ದರೆ ಹೇಳು. ತಪ್ಪಿಲ್ಲದಿದ್ದರೆ ಏನೂ ಹೇಳಬೇಡ.

ಹೆಸರು ಎತ್ತದೆ ಅಜ್ಜನಿಗೆ ಹೇಗೆ ಹೇಳುವುದು? ಕೊಟ್ಟಿಗೆ ಮೀನು ಆಲ್ಡರ್ ತೊರೆಯ ಬಾಯಲ್ಲಿ ನೆಗೆದದ್ದನ್ನು ಯಾರೋ ಕಂಡರಂತೆ, ಅಂಗಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು ಎಂದೆ.

"ಯಾರು?"

"ಅಂಗಡೀಲಿ ಮಾತಾಡೋರು ಯಾರಂತ ಇರುತ್ತೆ? ಎಲ್ಲಾರೂ."

ಮುದುಕ ಒಂದು ಕ್ಷಣ ನನ್ನ ಮುಖ ನೋಡಿದ. ಮಾರನೇ ಬೆಳಿಗ್ಗೆ ಏಳುವಷ್ಟರಲ್ಲಿ ದೋಣಿ ಕಟ್ಟೆಯಲ್ಲಿರಲಿಲ್ಲ.

ಅವನ ಹೆರಿಂಗ್ ಕೊಯ್ತ ನಿನಗೆ ಗೊತ್ತು. ಕಿವಿರಿನ ಹಿಂದೆ ಎಡಗಡೆಯಿಂದ ಓರೆಯಾಗಿ ಕೊಯ್ದು, ಕರುಳು ತೆಗೆದು, ಉಪ್ಪುನೀರಿನಲ್ಲಿ ಬಿಗಿಯಾಗಲು ಬಿಟ್ಟು, ಎರಡು ಗಾಳದ ಮುಳ್ಳು ಪೋಣಿಸಿದರೆ ನೀರಿನಲ್ಲಿ ಬುಗುರಿಯ ಹಾಗೆ ತಿರುಗುತ್ತದೆ. ಕೋಹೋ ಅದನ್ನು ಕಂಡು ಸುಮ್ಮನಿರಲಾರದು. ಹಾಗೇ ಎಳೆದ, ಕೋಹೋ ಬಿತ್ತು. ಹಿತ್ತಾಳೆಯ ಚಮಚಗಾಳ ಎಳೆದ, ಕೋಹೋ ಬಿತ್ತು. ಮಿನುಗುವ ತಗಡಿನ ಹಿಂದೆ ಗುಲಾಬಿ ರಬ್ಬರ್ ಕುಚ್ಚು ಕಟ್ಟಿದ, ನಾಯಿಮೀನು ಬಂದು ನೂಲು ಕಡಿದುಕೊಂಡು ಹೋಯಿತು. ನಿಮ್ಮ ಮೀನು ಒಂದೂ ಇಲ್ಲ. ನೀರಿನ ಮೇಲೆ ನೆಗೆಯುವುದನ್ನು ಮಾತ್ರ ಕಂಡನಂತೆ. ಮೈತುಂಬ ಕಪ್ಪು ಚುಕ್ಕೆ, ಹರಿದ ಬಾಲ.

"ಎದುರಿಗೇ ಹೆರಿಂಗ್ ತಿರುಗ್ತಾ ಹೋದ್ರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ ಕಣೆ," ಅಂದ. "ಮರ್ಯಾದಸ್ಥ ಮೀನು."

ಅವು ಊಟ ಹೇಗೆ ಮಾಡುತ್ತವೆ, ಬರೆ. ಏನು ತಿನ್ನುತ್ತವೆ ಎಂದಲ್ಲ, ಹೇಗೆ ಎಂದು.

ಅಜ್ಜಿ


ತೇಲುಮನೆ
ಜುಲೈ ೨೭

ಅಜ್ಜಿ,

ನೀನು ಬರೆದದ್ದರಲ್ಲಿ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ.

ಮೇವು ಎಂದರೆ ಕಂದು ಗುಳಿಗೆ, ಬಟಾಣಿಯಷ್ಟು ದಪ್ಪ. ಯಂತ್ರ ಊದುತ್ತದೆ. ಯಂತ್ರ ಕೆಟ್ಟ ದಿನ ನಾವೇ ಮೊರದಂಥ ಸಲಿಕೆಯಲ್ಲಿ ಎರಚುತ್ತೇವೆ. ನೀರಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಆ ಸದ್ದಿಗೇ ಮೀನು ಮೇಲೆ ಬರುತ್ತವೆ, ಗುಳಿಗೆ ಕಾಣುವ ಮುಂಚೆಯೇ. ಒಮ್ಮೆ ನಿಜವಾದ ಆಲಿಕಲ್ಲು ಬಿದ್ದಾಗಲೂ ಎಲ್ಲವೂ ಬಾಯಿ ತೆರೆದುಕೊಂಡು ಬಂದವು. ನೋಡಿ ನಗು ಬಂತು, ಆಮೇಲೆ ಬರಲಿಲ್ಲ. ಗುಳಿಗೆ ನಿಧಾನವಾಗಿ ಇಳಿಯುತ್ತದೆ, ಇಳಿಯುವಾಗ ತಿನ್ನುತ್ತವೆ. ಯಾವುದನ್ನೂ ಬೆನ್ನಟ್ಟಿ ಗೊತ್ತಿಲ್ಲ ಅವಕ್ಕೆ.

ನಮ್ಮ ಮೇಸ್ತ್ರಿ ಬ್ರೆಂಟ್ ಯಾರನ್ನೂ ಗದರಿಸಿಲ್ಲ. ಎಲ್ಲರನ್ನೂ ಕೂರಿಸಿ ಕಾಫಿ ಕೊಟ್ಟು, "ನಾವೆಲ್ಲ ಒಂದೇ ಮನೆಯೋರು ತಾನೇ?" ಅಂದ. ಅದಕ್ಕೇ ನನಗೆ ಹೆದರಿಕೆ. ಇಲ್ಲಿಂದ ಮಾತು ಆಚೆ ಹೋಯಿತೆಂದು ಗೊತ್ತಾದರೆ ಮೊದಲು ನೋಡುವುದು ನನ್ನ ಮುಖವನ್ನೇ. ರೌಹಾಲಾದವಳು ಇಲ್ಲಿ ನಾನೊಬ್ಬಳೇ.

ಕೆಲಸ ಬಿಟ್ಟು ಬಾ ಎಂದು ಬರೆಯಬೇಡ. ಹೋದ ವರ್ಷ ಸರ್ಕಾರ ಮೀನು ಹಿಡಿಯುವ ದಿನಗಳನ್ನು ಕಡಿಮೆ ಮಾಡಿದಾಗ, ಒಂದು ದೋಣಿಯಲ್ಲಿ ಇಬ್ಬರಿಗೆ ಸಾಲುವಷ್ಟು ದಿನ ಉಳಿದಿರಲಿಲ್ಲ. ಅಜ್ಜ ಅದನ್ನು ಯಾವತ್ತೂ ಹೇಳುತ್ತಿರಲಿಲ್ಲ. ಅದಕ್ಕೆ ನಾನೇ ಹೊರಟೆ. ಇದನ್ನೂ ಒಲೆಗೆ ಹಾಕು.

ಸೈಮಿ


ರೌಹಾಲಾ
ಆಗಸ್ಟ್ ೧೦

ಸೈಮಿ,

ಇದನ್ನು ಒಲೆಗೆ ಹಾಕಬೇಡ, ನೀನೇ ಒಂದು ಸಲ ಓದಿಕೋ, ಆಮೇಲೆ ನೋಡೋಣ.

ನಿನ್ನ ಪತ್ರ ಓದಿ ಕೋಳಿಗಳಿಗೆ ಕಾಳು ಹಾಕಲು ಹೋದೆ. ತಗಡಿನ ಡಬ್ಬಿ ಅಲ್ಲಾಡಿಸಿದೆ, ಅಷ್ಟೂ ಕೋಳಿ ಓಡಿ ಬಂದವು. ಡಬ್ಬಿ ಖಾಲಿ ಇತ್ತು. ಅಲ್ಲಿಯೇ ನಿಂತುಬಿಟ್ಟೆ. ನಾವು ಇಷ್ಟು ದಿನ ಬೇಟೆಯಾಡುವ ಮೀನಿಗೆ ಗಾಳ ಕಟ್ಟುತ್ತಿದ್ದೆವು, ಇದು ಕೋಳಿ.

ಹಳೆಯ ರೈ ಹಿಟ್ಟಿನ ರೊಟ್ಟಿಯ ಕರಿ ಅಂಚು ಕತ್ತರಿಸಿ, ಹೆರಿಂಗ್ ಎಣ್ಣೆಯಲ್ಲಿ ನೆನೆಸಿ, ಬಟಾಣಿಯಷ್ಟು ಉಂಡೆ ಹಿಸುಕಿ, ಒಲೆಯ ಪಕ್ಕ ಒಣಗಿಸಿದೆ. ಕಲ್ಲಿನ ಹಾಗಾಯಿತು. ಸಣ್ಣ ಮುಳ್ಳು, ತೆಳು ನೂಲು. ಸೀಸ ಇಲ್ಲ, ತಗಡಿಲ್ಲ. ಮೇಲೆ ತೇಲಲು ಒಂದು ಬೆಂಡು. ಒಂದು ಚೀಲ ಬಾರ್ಲಿ ಹೊತ್ತುಕೊಂಡು, ನಾನೂ ಜೊತೆಗೆ ಬರುತ್ತೇನೆಂದು ಹೇಳಿ ದೋಣಿ ಹತ್ತಿದೆ. ಎಂಟು ವರ್ಷವಾಗಿತ್ತು ನಾನು ಹತ್ತಿ. ಅಜ್ಜ ಗಾಳವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದು ಗಾಳಾನೋ, ತಿಂಡೀನೋ?"

"ನಿಂಗೆ ಹಸಿವಾದ್ರೆ ಮುಳ್ಳು ತೆಗೆದು ತಿನ್ನು."

"ಯಾರು ಹೇಳ್ಕೊಟ್ರು?"

"ಕೋಳಿಗಳು."

ತೊರೆಯ ಬಾಯಲ್ಲಿ ಇಂಜಿನ್ ನಿಲ್ಲಿಸಿದ. ನಾನು ಬೊಗಸೆ ಬಾರ್ಲಿ ತೆಗೆದು ನೀರಿನ ಮೇಲೆ ಎರಚಿದೆ. ಏನೂ ಇಲ್ಲ. ಇನ್ನೊಂದು ಬೊಗಸೆ. ಆಮೇಲೆ ಸೈಮಿ, ನೀರು ಉಬ್ಬಿ ಬಂತು. ಅಜ್ಜ ಗಾಳ ಇಳಿಬಿಟ್ಟ. ಬೆಂಡು ಮುಳುಗಲೇ ಇಲ್ಲ, ಸುಮ್ಮನೆ ಪಕ್ಕಕ್ಕೆ ಹೊರಟಿತು. ಮೇಲೆತ್ತಿದಾಗ ಜಗ್ಗಾಟವೂ ಇಲ್ಲ. ಚುಕ್ಕೆಯ ಕೆನ್ನೆ, ಸವೆದು ಗುಂಡಗಾದ ರೆಕ್ಕೆ. ಎಂದೂ ದೂರ ಈಜದ ಮೀನು.

ಅಜ್ಜ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅದರ ಸವೆದ ರೆಕ್ಕೆ ಸವರುತ್ತಾ ಕೇಳಿದ.

"ಕೋಳಿಗಳು ಚೆನ್ನಾಗಿದ್ದಾವಾ?"

ನಾನು ಹೇಳಿದೆ. "ಬೆರಳು ತೂತಾಗಿದೆಯಂತೆ. ಇಬ್ಬರಿಗೆ ಸಾಲುವಷ್ಟು ದಿನ ಇರ್ಲಿಲ್ಲ ಅಂತ ಹೋದದ್ದಂತೆ." ನೀನು ಹೇಳಬೇಡ ಎಂದಿರಲಿಲ್ಲ, ಒಲೆಗೆ ಹಾಕು ಎಂದಿದ್ದೆ ಅಷ್ಟೆ.

ಅವನು ಎದ್ದು ಒಳಗೆ ಹೋಗಿ ರೇಡಿಯೋ ಹಾಕಿದ. ಮೈಕು ಕೈಗೆತ್ತಿಕೊಂಡ. ಆಮೇಲೆ, "ಇದು ಸೈಮಿ, ಸೈಮಿ, ಸೈಮಿ," ಅಂದ. ಮೂರು ಸಲ ಹೇಳುವುದು ಕಡಲಿನ ನಿಯಮ, ನನಗೂ ಗೊತ್ತು. ಆದರೂ ನಾನು ಬಾರ್ಲಿ ಚೀಲ ಕಟ್ಟುವ ನೆಪ ಮಾಡಿದೆ. ಆಲ್ಡರ್ ತೊರೆಯ ಬಾಯಲ್ಲಿ ಕೊಟ್ಟಿಗೆ ಮೀನು ಸಿಕ್ಕಿದೆ, ಇನ್ನೂ ಇವೆ, ಎಲ್ಲರೂ ಬನ್ನಿ, ಮಳೆಗೆ ಮುಂಚೆ ಹಿಡಿಯಬೇಕು ಎಂದ. ಎಸ್ಕೊ ಕೂಡಲೇ ಕೇಳಿದ.

"ಯಾವ್ದಕ್ಕೆ ಬಿತ್ತು ತೌನೋ?"

ಈ ಕಡಲಿನಲ್ಲಿ ಗಾಳದ ವಿಷಯ ರೇಡಿಯೋದಲ್ಲಿ ನಿಜ ಹೇಳುವವರು ಯಾರೂ ಇಲ್ಲ. ಎಸ್ಕೊ ಹಸಿರು ಚಮಚಕ್ಕೆ ಬಿತ್ತು ಎಂದರೆ ಅವನ ದೋಣಿಯಲ್ಲಿ ಹಸಿರು ಬಣ್ಣದ್ದು ಏನೂ ಇರುವುದಿಲ್ಲ. ಅಜ್ಜ ಒಬ್ಬನೇ ಬೇರೆ. ಹೇಳಿದರೆ ನಿಜ, ಇಲ್ಲವಾದರೆ ಮೌನ. ಅವನು ನನ್ನ ಕಡೆ ನೋಡಿದ. ರೊಟ್ಟಿ ಉಂಡೆ, ಎರಚಿದ ಕಾಳು ಎಂದರೆ ಒಳಗಿನವರು ಯಾರೋ ಹೇಳಿಕೊಟ್ಟಿದ್ದಾರೆಂದು ಬ್ರೆಂಟ್‌ನಂಥ ಬ್ರೆಂಟ್‌ಗೂ ತಿಳಿಯುತ್ತದೆ.

"ಹೆರಿಂಗ್," ಅಂದ. "ಎಡಗಡೆ ಕೊಯ್ತ."

ಅವನ ಕಿವಿ ಕೆಂಪಗಾಗಿತ್ತು. ಮದುವೆಯ ದಿನ ಬಿಟ್ಟರೆ ಅಷ್ಟು ಕೆಂಪಗಾದದ್ದು ನಾನು ನೋಡಿಲ್ಲ.

ಅಜ್ಜಿ


ತೇಲುಮನೆ
ಆಗಸ್ಟ್ ೧೯

ಅಜ್ಜಿ,

ನಾವೆಲ್ಲ ಅಡುಗೆಕೋಣೆಯಲ್ಲಿದ್ದೆವು. ಇಲ್ಲಿ ರೇಡಿಯೋ ಯಾವಾಗಲೂ ಹಾಕಿಯೇ ಇರುತ್ತದೆ. ಅಜ್ಜನ ದನಿ ಕೇಳಿ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟೆ. ಮೂರು ಸಲ.

ಬ್ರೆಂಟ್ ಕೊನೆಯವರೆಗೂ ಕೇಳಿ ನಕ್ಕ. "ಹೆರಿಂಗ್ ತಿಂತಂತೆ. ನಮ್ ಮೀನಿಗೆ ಹೆರಿಂಗ್‌ನ ತಲೆ ಯಾವ್ದು ಬಾಲ ಯಾವ್ದು ಅಂತ್ಲೂ ಗೊತ್ತಿಲ್ಲ. ಮುದುಕ್ರು ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಲಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನಿನಗೆ ಹೇಳದೆ ಇರಲಾರೆ.

ಅಜ್ಜ ನನಗಾಗಿ ಸುಳ್ಳು ಹೇಳಿದ ಎಂದು ಗೊತ್ತು. ಈಗ ಎಲ್ಲರೂ ಏನು ಎರೆ ಕಟ್ಟುತ್ತಿದ್ದಾರೆ?

ಸೈಮಿ


ರೌಹಾಲಾ
ಆಗಸ್ಟ್ ೩೦

ಸೈಮಿ,

ಏನು ಕಟ್ಟುತ್ತಾರೆ? ತೌನೋ ಹೇಳಿದ ಮೇಲೆ ಅದು ನಿಜವೇ ಇರಬೇಕು. ಊರಿಗೆ ಊರೇ ಎಡಗಡೆ ಕೊಯ್ದ ಹೆರಿಂಗ್ ಹಿಡಿದು ಹೊರಟಿತು. ಬಲಗಡೆಯಿಂದ ಕೊಯ್ಯುತ್ತಿದ್ದವರೂ ಕೈ ಬದಲಿಸಿದರು. ಎಸ್ಕೊ ಹೆಬ್ಬೆರಳು ಕೊಯ್ದುಕೊಂಡ. ವಾರವೆಲ್ಲ ಎಳೆದರು. ಕೋಹೋ ಬಿತ್ತು, ನಾಯಿಮೀನು ಬಿತ್ತು. ಕೊಟ್ಟಿಗೆ ಮೀನು ಒಂದೂ ಇಲ್ಲ.

ನಾನೂ ಅಜ್ಜನೂ ರೊಟ್ಟಿ ಗಾಳ ಹಿಡಿದು ಹೋದರೆ ಸುತ್ತ ಹತ್ತು ದೋಣಿ ಇರುತ್ತವೆ. ಕಾಳು ಎರಚಿದರೆ ಎಲ್ಲರಿಗೂ ಕಾಣುತ್ತದೆ, ಸಂಜೆಗೆ ಬ್ರೆಂಟ್‌ಗೆ ತಿಳಿಯುತ್ತದೆ. ಆದ್ದರಿಂದ ಅವನೂ ಎಲ್ಲರ ಹಾಗೆ ಹೆರಿಂಗ್ ಎಳೆದುಕೊಂಡು ಸುಮ್ಮನೆ ಬರುತ್ತಾನೆ. ಮೀನು ಇಲಾಖೆಯ ಸಾಹೇಬ ನಮ್ಮ ಒಂದು ಮೀನನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು, ಒಂದರಿಂದ ಏನೂ ಹೇಳಲಾಗದು, ಎಲ್ಲಿಂದಲೋ ಬಂದಿರಬಹುದು ಎಂದು ಹೋದ. ಅಂಗಡಿಯ ಹಿಲ್ಕಾ ನನ್ನ ಎದುರಿಗೇ, "ತೌನೋಗೆ ವಯಸ್ಸಾಯ್ತು, ಪಾಪ," ಅಂದಳು. ಅವಳ ಅಂಗಡಿಯ ಹಿಟ್ಟಿನಲ್ಲಿ ಹುಳ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಂದೆ. ಇರಲಿಲ್ಲ.

ಕಟ್ಟೆಯ ಮೇಲೆ ಜನ ಮಾತು ನಿಲ್ಲಿಸಿದರೆ ಅಜ್ಜ ಹೆಜ್ಜೆ ನಿಲ್ಲಿಸದೆ ಬರುತ್ತಾನೆ. ದಿನಾ ಸಂಜೆ ನೈಋತ್ಯದ ಮೋಡ ನೋಡುತ್ತಾನೆ. ಮೊದಲ ಮಳೆಗೆ ತೊರೆ ತೆರೆಯುತ್ತದೆ. ಮೀನು ಒಳಗೆ ಹತ್ತಿದ ಮೇಲೆ ಯಾವ ಎರೆ ಕಟ್ಟಿಯೂ ಪ್ರಯೋಜನವಿಲ್ಲ.

ನೀನು ಏನೂ ಮಾಡಬೇಡ. ನಿನಗೆ ಇದನ್ನೆಲ್ಲ ಬರೆದದ್ದು ಕೇಳಿದೆಯಲ್ಲ ಎಂದು. ಕೇಳಿಸಿಕೊಂಡೆಯಾ? ಏನೂ ಮಾಡಬೇಡ.

ಅಜ್ಜಿ


ರೌಹಾಲಾ
ಸೆಪ್ಟೆಂಬರ್ ೬

ಸೈಮಿ,

ನೀನು ಚಿಕ್ಕಂದಿನಿಂದಲೂ ನನ್ನ ಮಾತು ಕೇಳಿದವಳಲ್ಲ. ನಿನಗೆ ಮಾಡಬೇಡ ಎಂದು ಎರಡು ಸಲ ಬರೆದ ಮುದುಕಿಗೆ ಅದು ಗೊತ್ತಿರಲಿಲ್ಲ ಎಂದು ನೀನು ನಂಬುವುದಾದರೆ ನಂಬು.

ಇಂದು ಬೆಳಿಗ್ಗೆ ಅಜ್ಜ ಗಂಜಿ ತಿನ್ನುತ್ತಿದ್ದ. ರೇಡಿಯೋದಲ್ಲಿ ಎಸ್ಕೊ ಹವಾಮಾನದ ಬಗ್ಗೆ ಗೊಣಗುತ್ತಿದ್ದ. ನಡುವೆ ನಿನ್ನ ದನಿ ಬಂತು.

"ರೌಹಾಲಾದ ದೋಣಿಗಳೆಲ್ಲ ಕೇಳಿ. ನಾನು ತೌನೋನ ಮೊಮ್ಮಗಳು ಸೈಮಿ, ಮೀನುಕೊಟ್ಟಿಗೆಯಿಂದ ಮಾತಾಡ್ತಿದೀನಿ. ನಮ್ಮ ಬಲೆ ಜೂನ್‌ನಲ್ಲೇ ಹರಿದಿತ್ತು. ಹೊಲಿದದ್ದು ನಾನೇ. ಹೆರಿಂಗ್ ಬಿಸಾಕಿ. ಒಣಗಿದ ರೈ ರೊಟ್ಟಿ, ಬಟಾಣಿಯಷ್ಟು. ಸಣ್ಣ ಮುಳ್ಳು. ಸೀಸ ಬೇಡ, ತಗಡು ಬೇಡ. ದೋಣಿ ನಿಲ್ಲಿಸಿ, ಮೊದಲು ನೀರಿನ ಮೇಲೆ ಕಾಳು ಎರಚಿ. ಸದ್ದಿಗೇ ಬರುತ್ತವೆ. ಅಜ್ಜ ನಿಮಗೆ ಸುಳ್ಳು ಹೇಳಿದ್ದು ನನಗೋಸ್ಕರ. ಅವನ ಕಣ್ಣು ಚೆನ್ನಾಗಿದೆ."

ಆಮೇಲೆ ಯಾರೋ ಗಂಡಸಿನ ದನಿ, ಏನೋ ಬಿದ್ದ ಸದ್ದು. ನಿನ್ನ ಕಡೆ ರೇಡಿಯೋ ನಿಂತಿತು.

ಇಡೀ ಕಡಲಿನಲ್ಲಿ ಯಾರೂ ಮಾತಾಡಲಿಲ್ಲ. ಇಷ್ಟು ವರ್ಷಗಳಲ್ಲಿ ಗಾಳದ ಬಗ್ಗೆ ಪೂರಾ ನಿಜ ಅವರು ಕೇಳಿದ್ದು ಮೊದಲ ಸಲ ಇರಬೇಕು, ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಎಸ್ಕೊ ಕೇಳಿದ. "ರೊಟ್ಟಿಗೆ ಬೆಣ್ಣೆ ಹಚ್ಚಬೇಕಾ ಮಗಳೇ?" ಯಾರೋ ನಕ್ಕರು. ಆಮೇಲೆ ಕಟ್ಟೆಯಲ್ಲಿ ಒಂದೊಂದೇ ಇಂಜಿನ್ ಶುರುವಾದ ಸದ್ದು ಕಿಟಕಿಯಿಂದ ಕೇಳಿಸಿತು. ಬಾಗಿಲಿಗೆ ಹಿಲ್ಕಾ ಬಂದಳು. "ಲೆಂಪಿ, ಹಳೇ ರೊಟ್ಟಿ ಇದ್ರೆ ಕೊಡೇ." ಹುಳ ಬಿದ್ದ ಹಿಟ್ಟಿನದ್ದು ಎಂದು ಹೇಳಿ ಕೊಟ್ಟೆ.

ಅಜ್ಜ ಗಂಜಿ ಅರ್ಧಕ್ಕೆ ಬಿಟ್ಟು ಮನೆಚಪ್ಪಲಿಯಲ್ಲೇ ದೋಣಿಗೆ ಹೋದ. ನಾನು ಅಡುಗೆಮನೆಯ ರೇಡಿಯೋ ಹತ್ತಿರ ಕೂತೆ.

"ಸೈಮಿ, ಸೈಮಿ, ಸೈಮಿ," ಅಂದ. "ಇದು ಸೈಮಿ."

ಕೇಳಿದವರಿಗೆ ಮುದುಕ ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದಾನೆ ಅನಿಸಿರಬೇಕು. ಯಾರೂ ನಗಲಿಲ್ಲ. ಉತ್ತರ ಬರಲಿಲ್ಲ. ಮತ್ತೆ ಕರೆದ. "ಸೈಮಿ, ಸೈಮಿ, ಸೈಮಿ. ಇದು ಸೈಮಿ. ಬಟ್ಟೆ ಕಟ್ಕೊಂಡು ತೇಲುಮನೆ ಕಟ್ಟೆ ಮೇಲೆ ನಿಂತಿರು. ಬರ್ತಿದೀನಿ." ಉತ್ತರ ಬರಲಿಲ್ಲ. ಮೂರನೇ ಸಲ ಕರೆಯುವಾಗ ಇಂಜಿನ್ ಸದ್ದಿನಲ್ಲಿ ಅವನ ದನಿ ಸರಿಯಾಗಿ ಕೇಳಿಸಲಿಲ್ಲ.

ನೀನು ಅದನ್ನು ಕೇಳಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನನ್ನು ಎಲ್ಲಿ ಕೂರಿಸಿದ್ದಾರೋ, ಏನಂದರೋ, ಅದೂ ಗೊತ್ತಿಲ್ಲ. ಕಟ್ಟೆ ಖಾಲಿಯಾಗಿದೆ. ಎಲ್ಲ ದೋಣಿಗಳೂ ತೊರೆಯ ಬಾಯಿಯ ಕಡೆ ಹೋದವು, ನಮ್ಮದು ಮಾತ್ರ ಬಡಗಣಕ್ಕೆ, ನಿನ್ನ ತೇಲುಮನೆಯ ಕಡೆ ತಿರುಗಿತು. ತೊರೆಯಲ್ಲಿ ಎಷ್ಟು ಹಿಡಿಯುತ್ತಾರೋ, ಎಷ್ಟು ಉಳಿಯುತ್ತವೋ. ನೈಋತ್ಯದಲ್ಲಿ ಮೋಡ ಬಂದು ನಿಂತಿದೆ, ಮೊದಲ ಹನಿ ಕಿಟಕಿಗೆ ಬಿತ್ತು.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ತಟ್ಟೆಯ ಕೆಳಗೆ ಇಟ್ಟಿರುತ್ತೇನೆ. ಮನೆಯಲ್ಲಿದ್ದ ರೊಟ್ಟಿಯೆಲ್ಲ ಮೀನಿಗೆ ಹೋಯಿತು, ಹೊಸದಾಗಿ ಹಿಟ್ಟು ಕಲಸಿದ್ದೇನೆ. ಹುಳಿ ಬರಲು ಸಮಯ ಬೇಕು. ಬಂದ ತಕ್ಷಣ ಹಸಿವು ಎನ್ನಬೇಡ.

ಅಜ್ಜಿ